ಯುರೋಪಿನ ಸೈಬರ್ ಭದ್ರತಾ ಸಹಕಾರ ಮತ್ತು ವಿದ್ಯುತ್ ಜಾಲದ ರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಐರೋಪ್ಯ ಒಕ್ಕೂಟದ ಸೈಬರ್ ಕಾನೂನುಗಳ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಒಟ್ಟುಗೂಡಿಸಲಾಗಿದೆ. ಕೇಳಿದವರಲ್ಲಿ ವಿದ್ಯಾರ್ಥಿಗಳಿದ್ದಾರೆ, ವಿದ್ಯುತ್ ಕಂಪನಿಗಳ ಎಂಜಿನಿಯರುಗಳಿದ್ದಾರೆ, ಬೆಂಗಳೂರಿನಲ್ಲಿ ಕುಳಿತು ಯುರೋಪಿನ ಸಂಸ್ಥೆಗಳಿಗೆ ಕೆಲಸ ಮಾಡುವವರೂ ಇದ್ದಾರೆ. ಸುಲಭದ ಪ್ರಶ್ನೆಗಳು ಮೊದಲು, ತೊಡಕಿನವು ನಂತರ ಬರುತ್ತವೆ. ಯಾವ ಉತ್ತರವನ್ನಾದರೂ ಪ್ರತ್ಯೇಕವಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದವು

ಪ್ರತಿ ದೇಶವೂ ತನ್ನ ಕಂಪ್ಯೂಟರುಗಳನ್ನು ತಾನೇ ಕಾಯ್ದುಕೊಂಡರೆ ಸಾಲದೇ? 27 ದೇಶಗಳು ಒಟ್ಟಾಗಿ ಏಕೆ ಕೂರಬೇಕು?

ಈ ಪ್ರಶ್ನೆಗೆ ಯುರೋಪ್ ಉತ್ತರ ಕಂಡುಕೊಂಡದ್ದು ಎಸ್ಟೋನಿಯಾದಲ್ಲಿ. 2007ರ ಏಪ್ರಿಲ್ ಕೊನೆಯಲ್ಲಿ, ಸೋವಿಯತ್ ಕಾಲದ ಕಂಚಿನ ಸೈನಿಕನ ಪ್ರತಿಮೆಯನ್ನು ರಾಜಧಾನಿ ಟಾಲಿನ್‌ನ ನಡುಭಾಗದಿಂದ ಸ್ಥಳಾಂತರಿಸಿದಾಗ ಬೀದಿಯಲ್ಲಿ ಗಲಭೆಯಾಯಿತು. ಅದರ ಬೆನ್ನಿಗೇ ಸರ್ಕಾರ, ಬ್ಯಾಂಕು ಮತ್ತು ಪತ್ರಿಕೆಗಳ ಜಾಲತಾಣಗಳ ಮೇಲೆ ವಾರಗಟ್ಟಲೆ ಹುಸಿ ದಟ್ಟಣೆಯ ದಾಳಿ ನಡೆಯಿತು. ಅದು ಬರುತ್ತಿದ್ದದ್ದು ಹತ್ತಾರು ದೇಶಗಳಲ್ಲಿ ಸೋಂಕು ತಗುಲಿದ್ದ ಕಂಪ್ಯೂಟರುಗಳಿಂದ. ಹದಿಮೂರು ಲಕ್ಷದಷ್ಟು ಜನಸಂಖ್ಯೆಯ ಆ ದೇಶ ತನ್ನ ಗಡಿಯೊಳಗೆ ಎಷ್ಟೇ ಜಾಗರೂಕವಾಗಿದ್ದರೂ ದಾಳಿಯ ಮೂಲವನ್ನು ಮುಚ್ಚಿಸಲು ಹೊರಗಿನವರ ನೆರವು ಬೇಕಾಯಿತು. ಮುಂದಿನ ವರ್ಷ ನೇಟೋ ತನ್ನ ಸೈಬರ್ ರಕ್ಷಣಾ ಅಧ್ಯಯನ ಕೇಂದ್ರವನ್ನು ಟಾಲಿನ್‌ನಲ್ಲೇ ತೆರೆದದ್ದು ಕಾಕತಾಳೀಯವಲ್ಲ.

ಎರಡನೆಯ ಕಾರಣ ಆರ್ಥಿಕವಾದದ್ದು. ಒಕ್ಕೂಟದ ಒಳಗೆ ಸರಕು, ಹಣ, ವಿದ್ಯುತ್ತು, ದತ್ತಾಂಶ ಎಲ್ಲವೂ ತಡೆಯಿಲ್ಲದೆ ಹರಿಯುತ್ತವೆ. ಒಂದು ದೇಶದಲ್ಲಿ ಬಿಗಿ ನಿಯಮವಿದ್ದು ಪಕ್ಕದ ದೇಶದಲ್ಲಿ ಸಡಿಲವಿದ್ದರೆ, ಕನ್ನ ಹಾಕುವವರು ಸಡಿಲವಿದ್ದ ಕಡೆಯಿಂದಲೇ ಒಳಬರುತ್ತಾರೆ.

ಎನಿಸಾ ಎಂಬ ಸಂಸ್ಥೆಯ ಹೆಸರು ಕೇಳಿದ್ದೇನೆ. ಅದು ಯುರೋಪಿನ ಸೈಬರ್ ಪೊಲೀಸ್ ಠಾಣೆಯೇ?

ಅಲ್ಲ. ಎನಿಸಾ ಐರೋಪ್ಯ ಒಕ್ಕೂಟದ ಸೈಬರ್ ಭದ್ರತಾ ಸಂಸ್ಥೆ. 2004ರಲ್ಲಿ ಹುಟ್ಟಿದ ಇದರ ಮೊದಲ ನೆಲೆ ಕ್ರೀಟ್ ದ್ವೀಪದ ಹೆರಾಕ್ಲಿಯಾನ್. ಈಗ ಮುಖ್ಯ ಕಚೇರಿ ಅಥೆನ್ಸ್‌ನಲ್ಲಿದೆ. ಬಹುಕಾಲ ಇದಕ್ಕೆ ಕಾಯಂ ಅಸ್ತಿತ್ವವೇ ಇರಲಿಲ್ಲ, ಅವಧಿ ಮುಗಿದಂತೆಲ್ಲ ವಿಸ್ತರಿಸಬೇಕಾಗಿತ್ತು. 2019ರ ಸೈಬರ್ ಭದ್ರತಾ ಕಾಯ್ದೆ ಅದಕ್ಕೆ ಶಾಶ್ವತ ಅಧಿಕಾರ ಕೊಟ್ಟಿತು.

ಯಾರನ್ನೂ ಬಂಧಿಸುವ, ಯಾರ ಕಚೇರಿಯನ್ನೂ ಶೋಧಿಸುವ ಅಧಿಕಾರ ಅದಕ್ಕಿಲ್ಲ. ಸದಸ್ಯ ದೇಶಗಳ ತಂಡಗಳನ್ನು ಒಂದೆಡೆ ಸೇರಿಸುವುದು, ದಾಳಿಗಳ ವಾರ್ಷಿಕ ಚಿತ್ರಣ ಸಿದ್ಧಪಡಿಸುವುದು, ಉತ್ಪನ್ನಗಳಿಗೆ ಭದ್ರತಾ ಪ್ರಮಾಣಪತ್ರದ ಕರಡು ರೂಪಿಸುವುದು, ಅಣಕು ದಾಳಿಗಳನ್ನು ಏರ್ಪಡಿಸುವುದು ಅದರ ಕೆಲಸ. 2025ರ ಮೇ ತಿಂಗಳಿನಿಂದ ತಂತ್ರಾಂಶ ದೋಷಗಳ ಐರೋಪ್ಯ ದತ್ತಸಂಚಯವನ್ನೂ ನಡೆಸುತ್ತಿದೆ. ಒಕ್ಕೂಟದ ಸ್ವಂತ ಕಚೇರಿಗಳನ್ನು ಕಾಯುವುದು ಮಾತ್ರ ಸರ್ಟ್-ಇಯು ಎಂಬ ಬೇರೆಯೇ ತಂಡ.

ಹಾಗಾದರೆ ಕಳ್ಳರನ್ನು ಹಿಡಿಯುವವರು ಯಾರು?

ಬಂಧಿಸುವುದು ಆಯಾ ದೇಶದ ಪೊಲೀಸರ ಕೆಲಸ. ಅವರ ನಡುವೆ ಕೊಂಡಿಯಾಗಿರುವುದು ಹೇಗ್ ನಗರದ ಯುರೋಪೋಲ್ ಒಳಗೆ 2013ರಲ್ಲಿ ಆರಂಭವಾದ ಸೈಬರ್ ಅಪರಾಧ ಕೇಂದ್ರ. 2021ರ ಜನವರಿಯಲ್ಲಿ ಎಮೊಟೆಟ್ ಎಂಬ ಕುಖ್ಯಾತ ಕುತಂತ್ರಾಂಶ ಜಾಲವನ್ನು ಹಲವು ದೇಶಗಳ ಪೊಲೀಸರು ಏಕಕಾಲಕ್ಕೆ ಕೆಡವಿದ್ದು ಇಂಥ ಸಮನ್ವಯದಿಂದ. ಇದರ ಕಾನೂನಿನ ಬುನಾದಿ 2001ರ ಬುಡಾಪೆಸ್ಟ್ ಒಪ್ಪಂದ. ಅದು ಐರೋಪ್ಯ ಒಕ್ಕೂಟದ್ದಲ್ಲ, ಯುರೋಪ್ ಕೌನ್ಸಿಲ್ ಎಂಬ ಬೇರೆ ಸಂಘಟನೆಯದು. ಅಮೆರಿಕ, ಜಪಾನ್ ಕೂಡ ಅದರಲ್ಲಿವೆ. ಭಾರತ ಸಹಿ ಹಾಕಿಲ್ಲ.

ನೇಟೋ ಮಾಡುವುದೂ ಇದನ್ನೇ ಅಲ್ಲವೇ?

ಸ್ವಲ್ಪ ಮಟ್ಟಿಗೆ ಹೌದು, ಆದರೆ ದಿಕ್ಕು ಬೇರೆ. ನೇಟೋದ ಗಮನ ಸೈನಿಕ ರಕ್ಷಣೆಯ ಮೇಲೆ; 2010ರಿಂದ ಟಾಲಿನ್ ಕೇಂದ್ರ ನಡೆಸುವ 'ಲಾಕ್ಡ್ ಷೀಲ್ಡ್ಸ್' ಅಭ್ಯಾಸ ಅದಕ್ಕೆ ಹೆಸರಾಗಿದೆ. ಕಂಪನಿಗಳ ಮೇಲೆ ನಿಯಮ ಹೇರಿ, ತಪ್ಪಿದರೆ ದಂಡ ಹಾಕಿಸುವ ಶಕ್ತಿ ಇರುವುದು ಒಕ್ಕೂಟಕ್ಕೆ. ಯುರೋಪಿನ ವಿದ್ಯುತ್ ಜಾಲ ಬಹುಪಾಲು ಕಂಪನಿಗಳ ಕೈಯಲ್ಲಿರುವುದರಿಂದ ನಮ್ಮ ವಿಷಯಕ್ಕೆ ಈ ಎರಡನೆಯದೇ ಮುಖ್ಯ.

## ವಿದ್ಯುತ್ ಜಾಲದ ಸಂಗತಿ

ಬ್ಯಾಂಕಿಗೆ, ಆಸ್ಪತ್ರೆಗೆ ಇರುವ ನಿಯಮವೇ ವಿದ್ಯುತ್ ಕಂಪನಿಗೂ ಸಾಲದೇ? ಅದಕ್ಕೆ ಪ್ರತ್ಯೇಕ ನಿಯಮ ಏಕೆ?

ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ 2019ರ ಶಿಫಾರಸಿನಲ್ಲಿ ಇಂಧನ ವಲಯದ ಮೂರು ವೈಶಿಷ್ಟ್ಯಗಳನ್ನು ಗುರುತಿಸಿತು. ಮೊದಲನೆಯದು ವೇಗ: ವಿದ್ಯುತ್ ಹರಿವನ್ನು ಕಡಿಯುವ ಸ್ವಿಚ್ಚಾದ ಬ್ರೇಕರಿಗೆ ಹೋಗಬೇಕಾದ ಆದೇಶ ಮಿಲಿಸೆಕೆಂಡುಗಳಲ್ಲಿ ತಲುಪಬೇಕಾದ ಕಡೆ, ಪ್ರತಿ ಸಂದೇಶವನ್ನೂ ನಿಲ್ಲಿಸಿ ತಪಾಸಣೆ ಮಾಡುವ ಸಾಮಾನ್ಯ ಭದ್ರತಾ ಕ್ರಮ ನಡೆಯುವುದಿಲ್ಲ. ಎರಡನೆಯದು ಹಳೆಯದೂ ಹೊಸದೂ ಒಂದೇ ಜಾಲದಲ್ಲಿರುವುದು: ಅಂತರ್ಜಾಲ ಬರುವ ಮುನ್ನ ವಿನ್ಯಾಸಗೊಂಡ, ಮೂವತ್ತು ವರ್ಷ ಬಾಳುವ ಉಪಕರಣದ ಪಕ್ಕದಲ್ಲೇ ನಿನ್ನೆ ಕೂರಿಸಿದ ಸ್ಮಾರ್ಟ್ ಮೀಟರ್ ಇರುತ್ತದೆ. ಮೂರನೆಯದು ಸರಣಿ ಪರಿಣಾಮ.

ಸರಣಿ ಪರಿಣಾಮ ಎಂದರೇನೆಂದು ತೋರಿಸಿಕೊಟ್ಟದ್ದು 2006ರ ನವೆಂಬರ್ 4ರ ರಾತ್ರಿ. ಅದು ಸೈಬರ್ ದಾಳಿಯಲ್ಲ, ಬರೀ ಅಚಾತುರ್ಯ. ಜರ್ಮನಿಯ ಎಮ್ಸ್ ನದಿಯಲ್ಲಿ ಹೊಸದಾಗಿ ಕಟ್ಟಿದ ವಿಹಾರ ಹಡಗೊಂದು ಸಮುದ್ರಕ್ಕೆ ಸಾಗಬೇಕಿತ್ತು. ಅದಕ್ಕೆ ದಾರಿ ಬಿಡಲು ನದಿಯ ಮೇಲೆ ಹಾದುಹೋಗುವ 380 ಕಿಲೊವೋಲ್ಟ್ ಮಾರ್ಗವನ್ನು ಪ್ರಸರಣ ಕಂಪನಿ ಸ್ಥಗಿತಗೊಳಿಸಿತು. ಸಮಯವನ್ನು ಮುಂಚಿತಗೊಳಿಸಿದ ಸಂಗತಿ ಪಕ್ಕದ ಕಂಪನಿಗಳಿಗೆ ಸರಿಯಾಗಿ ತಲುಪಿರಲಿಲ್ಲ. ಬೇರೆ ಮಾರ್ಗಗಳ ಮೇಲೆ ಹೊರೆ ಬಿದ್ದು, ಒಂದರ ಹಿಂದೆ ಒಂದು ತಾವಾಗಿ ಕಡಿದುಕೊಂಡು, ಯುರೋಪಿನ ಜಾಲ ಮೂರು ಹೋಳಾಯಿತು. ಒಂದೂವರೆ ಕೋಟಿಗೂ ಹೆಚ್ಚು ಮನೆಗಳಲ್ಲಿ ಕತ್ತಲಾಯಿತು. ಅವುಗಳಲ್ಲಿ ಫ್ರಾನ್ಸ್, ಸ್ಪೇನ್‌ನ ಮನೆಗಳೂ ಸೇರಿದ್ದವು. ಒಬ್ಬರ ನಿಯಂತ್ರಣ ಕೊಠಡಿಯ ನಿರ್ಧಾರ ಸಾವಿರ ಕಿಲೋಮೀಟರ್ ಆಚೆ ದೀಪ ಆರಿಸಬಹುದಾದರೆ, ಆ ಕೊಠಡಿಗೆ ನುಗ್ಗಿದವರು ಏನು ಮಾಡಬಹುದು ಎಂಬುದೇ ಈಗಿನ ಚಿಂತೆ.

ಕಂಪ್ಯೂಟರಿನಿಂದ ನಿಜಕ್ಕೂ ಕರೆಂಟ್ ತೆಗೆಯಲು ಆಗುತ್ತದೆಯೇ, ಇಲ್ಲ ಇದು ಸಿನಿಮಾದವರ ಕಲ್ಪನೆಯೇ?

ಆಗುತ್ತದೆ; ಆಗಿದೆ. 2015ರ ಡಿಸೆಂಬರ್ 23ರ ಮಧ್ಯಾಹ್ನ ಪಶ್ಚಿಮ ಉಕ್ರೇನಿನ ವಿತರಣಾ ಕಂಪನಿಯೊಂದರ ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದ ಸಿಬ್ಬಂದಿಯ ಕಣ್ಣೆದುರೇ ಪರದೆಯ ಮೇಲಿನ ಬಾಣದ ಗುರುತು ತಾನಾಗಿ ಚಲಿಸತೊಡಗಿತು. ಅದು ಒಂದು ಉಪಕೇಂದ್ರದ ಬ್ರೇಕರನ್ನು ಆರಿಸಿ, ತೆರೆಯಲು ಒಪ್ಪಿಗೆ ಒತ್ತಿ, ಮುಂದಿನ ಉಪಕೇಂದ್ರಕ್ಕೆ ಹೋಯಿತು. ಅಲ್ಲಿದ್ದವರು ಮೌಸ್ ಹಿಡಿದು ಎಳೆದಾಡಿದರೂ ಪ್ರಯೋಜನವಾಗಲಿಲ್ಲ. ಮೂರು ಕಂಪನಿಗಳಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇದು ನಡೆದು ಸುಮಾರು 2.25 ಲಕ್ಷ ಗ್ರಾಹಕರಿಗೆ ಚಳಿಗಾಲದ ಸಂಜೆ ವಿದ್ಯುತ್ ಕಡಿತವಾಯಿತು.

ಈ ಸಂಜೆಗೆ ತಿಂಗಳುಗಳ ಸಿದ್ಧತೆ ಇತ್ತು. ನೌಕರರಿಗೆ ಇಮೇಲಿನಲ್ಲಿ ಬಂದ ಕಡತವೊಂದನ್ನು ಯಾರೋ ತೆರೆದಿದ್ದರು. ಒಳಬಂದವರು ಕಚೇರಿ ಜಾಲದಲ್ಲಿ ಓಡಾಡಿ, ದೂರದಿಂದ ಕೆಲಸ ಮಾಡುವವರ ಗುಪ್ತಪದಗಳನ್ನು ಕದ್ದು, ನಿಯಂತ್ರಣ ಜಾಲಕ್ಕೆ ಅದೇ ಗುಪ್ತಪದಗಳಿಂದ ಪ್ರವೇಶಿಸಿದ್ದರು. ಎರಡನೇ ಹಂತದ ದೃಢೀಕರಣ ಇರಲಿಲ್ಲ. ಬ್ರೇಕರುಗಳನ್ನು ತೆರೆದ ಮೇಲೂ ಅವರು ಸುಮ್ಮನಾಗಲಿಲ್ಲ. ಉಪಕೇಂದ್ರಗಳೊಡನೆ ಸಂಪರ್ಕ ಕಲ್ಪಿಸುವ ಉಪಕರಣಗಳ ಒಳತಂತ್ರಾಂಶವನ್ನು ಕೆಡಿಸಿದರು, ಕಂಪ್ಯೂಟರುಗಳನ್ನು ಅಳಿಸಿಹಾಕಿದರು, ಗ್ರಾಹಕರ ದೂರು ಕೇಂದ್ರಕ್ಕೆ ಹುಸಿ ಕರೆಗಳ ಮಳೆ ಸುರಿಸಿದರು. ಆದರೂ ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿತು. ಕಾರಣ, ಸಿಬ್ಬಂದಿ ವ್ಯಾನು ಹತ್ತಿ ಉಪಕೇಂದ್ರಗಳಿಗೆ ಹೋಗಿ ಬ್ರೇಕರುಗಳನ್ನು ಕೈಯಿಂದಲೇ ಹಾಕಿದರು. ಎಲ್ಲವನ್ನೂ ಸ್ವಯಂಚಾಲಿತಗೊಳಿಸಿ ಹಳೆಯ ಲೈನ್‌ಮನ್‌ಗಳನ್ನು ಮನೆಗೆ ಕಳಿಸಿದ ಕಂಪನಿಗೆ ಇದು ಅಷ್ಟು ಸಲೀಸಾಗುತ್ತಿರಲಿಲ್ಲ.

ಒಂದು ವರ್ಷದ ನಂತರ, 2016ರ ಡಿಸೆಂಬರ್ 17ರಂದು, ಕೀವ್ ನಗರದ ಒಂದು ಭಾಗಕ್ಕೆ ಸುಮಾರು ಒಂದು ಗಂಟೆ ವಿದ್ಯುತ್ ಹೋಯಿತು. ಈ ಸಲ ಮೌಸ್ ಅಲ್ಲಾಡಿಸುವ ಮನುಷ್ಯನೂ ಬೇಕಿರಲಿಲ್ಲ: ಇಂಡಸ್ಟ್ರಾಯರ್ ಎಂಬ ಆ ಕುತಂತ್ರಾಂಶ ಉಪಕೇಂದ್ರದ ಸಾಧನಗಳಿಗೆ ನೇರವಾಗಿ ಆದೇಶ ಕೊಡಬಲ್ಲದಾಗಿತ್ತು. ಅದರ ಮುಂದಿನ ಆವೃತ್ತಿಯನ್ನು 2022ರ ಏಪ್ರಿಲ್‌ನಲ್ಲಿ ಉಕ್ರೇನಿನ ತುರ್ತು ತಂಡ ಮತ್ತು ಸ್ಲೊವಾಕಿಯಾದ ಇಸೆಟ್ ಕಂಪನಿ ಸೇರಿ ಹಾನಿಯಾಗುವ ಮೊದಲೇ ತಡೆದವು.

2025ರಲ್ಲಿ ಸ್ಪೇನ್, ಪೋರ್ಚುಗಲ್ ಪೂರ್ತಿ ಕತ್ತಲಾಯಿತಲ್ಲ, ಅದು ಸೈಬರ್ ದಾಳಿಯೇ ತಾನೇ?

ಅಲ್ಲ. 2025ರ ಏಪ್ರಿಲ್ 28ರ ಮಧ್ಯಾಹ್ನ 12.33ಕ್ಕೆ ಐಬೀರಿಯಾದ ಜಾಲ ಕುಸಿದಾಗ ಮೊದಲ ಗಂಟೆಗಳಲ್ಲಿ ಎಲ್ಲರ ಬಾಯಲ್ಲೂ ಈ ಮಾತೇ ಇತ್ತು. ಸ್ಪೇನ್ ಸರ್ಕಾರದ ತನಿಖೆ ಸೈಬರ್ ದಾಳಿಯ ಯಾವ ಸುಳಿವೂ ಸಿಗಲಿಲ್ಲವೆಂದು ಹೇಳಿತು. ಮಿತಿಮೀರಿದ ವೋಲ್ಟೇಜು ಮತ್ತು ಅದರಿಂದ ಉತ್ಪಾದನಾ ಘಟಕಗಳು ಸರಣಿಯಾಗಿ ಕಡಿದುಕೊಂಡದ್ದು ಕುಸಿತಕ್ಕೆ ಕಾರಣವೆಂದು ಗುರುತಿಸಿತು. ಹೀಗೆ ಹೇಳಲು ತನಿಖಾಧಿಕಾರಿಗಳು ಕಂಪನಿಗಳ ವ್ಯವಸ್ಥೆಗಳ ದಾಖಲೆಗಳನ್ನು ವಾರಗಟ್ಟಲೆ ಜಾಲಾಡಬೇಕಾಯಿತು. ದಾಳಿಯಾಗಿಲ್ಲ ಎಂದು ಸಾಬೀತುಪಡಿಸಲೂ ಒಳ್ಳೆಯ ದಾಖಲೆ ಬೇಕು ಎಂಬ ಅಂಶ ಆ ಗದ್ದಲದಲ್ಲಿ ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

ದೊಡ್ಡ ಕಂಪನಿಗಳನ್ನು ಭದ್ರಪಡಿಸಿದರೆ ಸಾಲದೇ? ಊರ ಮಟ್ಟದ ಸಣ್ಣ ಸಂಸ್ಥೆಗೆ ಯಾರು ಕೈ ಹಾಕುತ್ತಾರೆ?

ಡೆನ್ಮಾರ್ಕಿನ ಉದಾಹರಣೆ ನೋಡಿ. ಅಲ್ಲಿ ವಿದ್ಯುತ್ತನ್ನೂ ಬಿಸಿನೀರಿನ ಶಾಖವನ್ನೂ ಪೂರೈಸುವವರಲ್ಲಿ ಸಣ್ಣ ಸ್ಥಳೀಯ ಸಂಸ್ಥೆಗಳು ಬಹಳ. 2023ರ ಮೇ ತಿಂಗಳಲ್ಲಿ ಇಂಥ 22 ಸಂಸ್ಥೆಗಳಿಗೆ ಕೆಲವೇ ದಿನಗಳಲ್ಲಿ ಕನ್ನ ಬಿತ್ತು. ಎಲ್ಲ ಕಡೆಯೂ ದಾರಿಯಾದದ್ದು ಒಂದೇ ಕಂಪನಿಯ ಫೈರ್‌ವಾಲ್, ಅಂದರೆ ರಕ್ಷಣೆಗೆಂದೇ ಕೂರಿಸಿದ್ದ ಉಪಕರಣ. ಅದರ ತಂತ್ರಾಂಶದ ದೋಷವನ್ನು ಸರಿಪಡಿಸುವ ತೇಪೆ ಏಪ್ರಿಲ್ ಕೊನೆಯಲ್ಲೇ ಬಂದಿತ್ತು. ಹಾಕಿಕೊಳ್ಳದ್ದಕ್ಕೆ ಸಿಕ್ಕ ಕಾರಣಗಳನ್ನು ಓದಿದರೆ ಯಾವ ಊರಿನ ಕಚೇರಿಯಾದರೂ ನೆನಪಾದೀತು: ಉಪಕರಣ ಹೊಸದು, ಸರಿಯಾಗಿಯೇ ಇರುತ್ತದೆ ಎಂದುಕೊಂಡವರು ಕೆಲವರು, ಗುತ್ತಿಗೆದಾರರೇ ನೋಡಿಕೊಳ್ಳುತ್ತಾರೆ ಎಂದು ನಂಬಿದವರು ಕೆಲವರು, ಅಳವಡಿಕೆಯ ಶುಲ್ಕ ಉಳಿಸಿದವರು ಕೆಲವರು, ತಮ್ಮಲ್ಲಿ ಅಂಥ ಉಪಕರಣವಿದೆ ಎಂಬುದೇ ಗೊತ್ತಿಲ್ಲದವರು ಇನ್ನು ಕೆಲವರು.

ಡೆನ್ಮಾರ್ಕ್ ಪಾರಾದದ್ದು ಸೆಕ್ಟರ್‌ಸರ್ಟ್‌ನಿಂದಾಗಿ. ಇದು ಅಗತ್ಯ ಸೇವೆಗಳ ಸಂಸ್ಥೆಗಳೇ ಸೇರಿ ಪೋಷಿಸುವ ಲಾಭರಹಿತ ಕೇಂದ್ರ. ಸದಸ್ಯರ ಜಾಲಗಳಲ್ಲಿ ಸಂವೇದಕಗಳನ್ನಿಟ್ಟು ಎಲ್ಲವನ್ನೂ ಒಂದೇ ಕಡೆಯಿಂದ ಗಮನಿಸುತ್ತದೆ. ಒಂದೊಂದೇ ಸಂಸ್ಥೆಗೆ ಕಾಣದ ದಾಳಿಯ ಮಾದರಿ ಎಲ್ಲವನ್ನೂ ಒಟ್ಟಿಗೆ ನೋಡುತ್ತಿದ್ದ ಈ ಕೇಂದ್ರಕ್ಕೆ ಕಂಡಿತು. ಕೆಲವು ಸಂಸ್ಥೆಗಳು ಅಂತರ್ಜಾಲದ ಸಂಪರ್ಕವನ್ನೇ ಕಡಿದುಕೊಂಡು ದ್ವೀಪದಂತೆ ಕೆಲಸ ಮಾಡಿದವು. ಗ್ರಾಹಕರ ಪೂರೈಕೆಗೆ ತೊಂದರೆಯಾಗಲಿಲ್ಲ. ಬ್ರಸೆಲ್ಸ್‌ನ ಯಾವ ಕಾಯ್ದೆಗಿಂತಲೂ ಈ ಮಾದರಿಯಿಂದ ಕಲಿಯುವುದು ಹೆಚ್ಚಿದೆ ಎಂಬುದು ನನ್ನ ಅಭಿಪ್ರಾಯ.

ಉಪಗ್ರಹಕ್ಕೂ ಗಾಳಿಯಂತ್ರಕ್ಕೂ ಏನು ಸಂಬಂಧ?

2022ರ ಫೆಬ್ರುವರಿ 24ರಂದು, ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗುವುದಕ್ಕೆ ತುಸು ಮೊದಲು, ವಿಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ಉಪಗ್ರಹ ಜಾಲದ ಸಾವಿರಾರು ಮೋಡೆಮ್‌ಗಳು ಕೆಟ್ಟು ನಿಂತವು. ಉಕ್ರೇನಿನ ಸಂಪರ್ಕ ಕಡಿಯುವುದು ಉದ್ದೇಶವಾಗಿತ್ತು. ಆದರೆ ಅದೇ ಜಾಲವನ್ನು ಬಳಸುತ್ತಿದ್ದ ಎನರ್ಕಾನ್ ಕಂಪನಿಯ ಸುಮಾರು 5,800 ಗಾಳಿಯಂತ್ರಗಳು ಜರ್ಮನಿಯ ಸುತ್ತಮುತ್ತ ದೂರನಿಯಂತ್ರಣ ಕಳೆದುಕೊಂಡವು. ಒಟ್ಟು ಸಾಮರ್ಥ್ಯ 11 ಗಿಗಾವಾಟ್. ಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತ ವಿದ್ಯುತ್ ಕೊಡುತ್ತಲೇ ಇದ್ದವು. ಯಾವುದಾದರೂ ಕೆಟ್ಟರೆ ದೂರದಿಂದ ಸರಿಪಡಿಸಲು ಮಾತ್ರ ಸಾಧ್ಯವಿರಲಿಲ್ಲ. ತಂತ್ರಜ್ಞರು ಒಂದೊಂದೇ ಸ್ಥಳಕ್ಕೆ ಹೋಗಿ ಮೋಡೆಮ್ ಬದಲಿಸಬೇಕಾಯಿತು. ವಿದ್ಯುತ್ ಕಂಪನಿ ತನ್ನನ್ನು ತಾನು ಎಷ್ಟು ಕಾಯ್ದುಕೊಂಡರೂ ತಾನು ಬಾಡಿಗೆಗೆ ಪಡೆದ ಸೇವೆ ಮುರಿದರೆ ತಾನೂ ನರಳಬೇಕಾಗುತ್ತದೆ ಎಂಬುದಕ್ಕೆ ಇದು ಈಗ ಪಠ್ಯದ ಉದಾಹರಣೆಯಾಗಿದೆ.

ಮನೆಯ ಮೇಲಿನ ಸೋಲಾರ್ ಇನ್ವರ್ಟರಿನಿಂದ ದೇಶದ ಗ್ರಿಡ್‌ಗೆ ಅಪಾಯ ಎನ್ನುವುದು ಅತಿಯಾಯಿತಲ್ಲವೇ?

ಸೌರ ಫಲಕದ ವಿದ್ಯುತ್ತನ್ನು ಗ್ರಿಡ್‌ಗೆ ಹೊಂದುವಂತೆ ಮಾರ್ಪಡಿಸುವ ಪೆಟ್ಟಿಗೆಯೇ ಇನ್ವರ್ಟರ್. ಒಂದು ಇನ್ವರ್ಟರಿನಿಂದ ಏನೂ ಆಗದು. ಆದರೆ ಇನ್ವರ್ಟರುಗಳು ತಯಾರಕರ ಕ್ಲೌಡ್ ಸೇವೆಗೆ ಸದಾ ಜೋಡಿಕೊಂಡಿರುತ್ತವೆ. ಅಲ್ಲಿಂದ ಒಂದು ಆದೇಶ ಹೋದರೆ ಲಕ್ಷಾಂತರ ಇನ್ವರ್ಟರುಗಳು ಒಟ್ಟಿಗೆ ಆರಬಹುದು. ಯುರೋಪ್ ಖಂಡದ ಏಕೀಕೃತ ಜಾಲ 3,000 ಮೆಗಾವಾಟ್ ಉತ್ಪಾದನೆ ದಿಢೀರನೆ ಕಳೆದುಹೋದರೆ ತಡೆದುಕೊಳ್ಳುವಂತೆ ತಕ್ಷಣದ ಮೀಸಲನ್ನು ಇಟ್ಟುಕೊಂಡಿದೆ. ಸೌರ ಸಾಮರ್ಥ್ಯ ನೂರಾರು ಗಿಗಾವಾಟ್ ಮುಟ್ಟಿರುವಾಗ ಆ ಮಿತಿಯನ್ನು ಮೀರುವುದು ಲೆಕ್ಕದಲ್ಲಿ ಕಷ್ಟವಲ್ಲ. ಇನ್ವರ್ಟರುಗಳಲ್ಲಿ ದೊಡ್ಡ ಪಾಲು ಚೀನಾದಲ್ಲಿ ತಯಾರಾದದ್ದು ಎಂಬುದು ಚಿಂತೆಗೆ ರಾಜಕೀಯದ ಬಣ್ಣವನ್ನೂ ಕೊಟ್ಟಿದೆ. ಲಿಥುವೇನಿಯಾ 2024ರ ನವೆಂಬರ್‌ನಲ್ಲಿ ಕಾನೂನು ಮಾಡಿ, 100 ಕಿಲೊವಾಟ್ ಮೀರಿದ ಸೌರ, ಗಾಳಿ ಮತ್ತು ಬ್ಯಾಟರಿ ಘಟಕಗಳ ನಿರ್ವಹಣಾ ವ್ಯವಸ್ಥೆಗೆ ಚೀನಾದಿಂದ ದೂರಪ್ರವೇಶವನ್ನು ತಡೆಯಿತು.

## ಕಾನೂನುಗಳು

ಎನ್‌ಐಎಸ್-2 ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಇರುವುದೇನು, ಯಾರಿಗೆ ಅನ್ವಯ?

ಇದು 2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ, ಜಾಲ ಮತ್ತು ಮಾಹಿತಿ ವ್ಯವಸ್ಥೆಗಳ ಭದ್ರತೆಯ ಎರಡನೇ ನಿರ್ದೇಶನ. 2016ರ ಮೊದಲ ನಿರ್ದೇಶನದಲ್ಲಿ ಯಾವ ಕಂಪನಿ ಮುಖ್ಯ ಎಂದು ಆಯಾ ದೇಶವೇ ಆರಿಸುತ್ತಿತ್ತು, ಹಾಗಾಗಿ ಒಂದೇ ಬಗೆಯ ಕಂಪನಿ ಒಂದು ಕಡೆ ಪಟ್ಟಿಯಲ್ಲಿದ್ದು ಇನ್ನೊಂದು ಕಡೆ ಇರುತ್ತಿರಲಿಲ್ಲ. ಹೊಸದರಲ್ಲಿ 18 ವಲಯಗಳನ್ನು ಹೆಸರಿಸಿ, ಆ ವಲಯದ ಮಧ್ಯಮ ಮತ್ತು ದೊಡ್ಡ ಸಂಸ್ಥೆಗಳೆಲ್ಲ ಸಾಮಾನ್ಯವಾಗಿ ಒಳಗೆ ಎಂದು ಹೇಳಲಾಗಿದೆ. ಇಂಧನದಲ್ಲಿ ವಿದ್ಯುತ್, ತೈಲ, ಅನಿಲ, ಬಡಾವಣೆಗಳಿಗೆ ಶಾಖ ಪೂರೈಕೆ, ಹೈಡ್ರೋಜನ್ ಸೇರಿವೆ.

ಅಪಾಯದ ಅಂದಾಜು, ಬ್ಯಾಕಪ್, ಪೂರೈಕೆದಾರರ ಮೇಲೆ ನಿಗಾ, ಬಹುಹಂತದ ದೃಢೀಕರಣ ಮುಂತಾದವು ಕಡ್ಡಾಯ. ನನಗೆ ಮುಖ್ಯವೆನಿಸುವುದು ಬೇರೊಂದು ವಿಧಿ: ಈ ಕ್ರಮಗಳಿಗೆ ಒಪ್ಪಿಗೆ ಕೊಟ್ಟು ಮೇಲುಸ್ತುವಾರಿ ಮಾಡುವ ಹೊಣೆ ಆಡಳಿತ ಮಂಡಳಿಯದೇ, ಅದರ ಸದಸ್ಯರು ತರಬೇತಿ ಪಡೆಯಲೇಬೇಕು. ಐಟಿ ವಿಭಾಗದ ತಲೆನೋವು ಎಂದು ನಿರ್ದೇಶಕರು ಕೈ ತೊಳೆದುಕೊಳ್ಳುವಂತಿಲ್ಲ. ಅತ್ಯಗತ್ಯ ಸಂಸ್ಥೆಗಳಿಗೆ ದಂಡದ ಗರಿಷ್ಠ ಮಿತಿ ಕನಿಷ್ಠ ಒಂದು ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇ. 2, ಯಾವುದು ಹೆಚ್ಚೋ ಅದು ಇರಬೇಕು.

ದಾಳಿಯಾದರೆ ಕಂಪನಿ ಯಾರಿಗೆ, ಎಷ್ಟು ಹೊತ್ತಿನೊಳಗೆ ಹೇಳಬೇಕು?

ಎನ್‌ಐಎಸ್-2ರ ಪ್ರಕಾರ ಗಂಭೀರ ಘಟನೆ ಗಮನಕ್ಕೆ ಬಂದ 24 ಗಂಟೆಯೊಳಗೆ ರಾಷ್ಟ್ರೀಯ ತುರ್ತು ಸ್ಪಂದನ ತಂಡಕ್ಕೆ ಅಥವಾ ಪ್ರಾಧಿಕಾರಕ್ಕೆ ಮುನ್ಸೂಚನೆ, 72 ಗಂಟೆಯೊಳಗೆ ವಿವರವಾದ ವರದಿ, ಅದಾದ ಒಂದು ತಿಂಗಳಲ್ಲಿ ಅಂತಿಮ ವರದಿ ಸಲ್ಲಬೇಕು. ಮೊದಲ ಮುನ್ಸೂಚನೆಯಲ್ಲಿ ಪೂರ್ಣ ವಿವರ ನಿರೀಕ್ಷಿಸುವುದಿಲ್ಲ. ಇದು ದುರುದ್ದೇಶದ ಕೃತ್ಯವಿರಬಹುದೇ, ಗಡಿಯಾಚೆಗೂ ಹಬ್ಬಬಹುದೇ ಎಂದಷ್ಟೇ ತಿಳಿಸಬೇಕು. ಬೇರೆ ದೇಶಕ್ಕೂ ತಟ್ಟುವುದಾದರೆ ಆ ತಂಡ ನೆರೆಯ ತಂಡಗಳಿಗೆ ತಿಳಿಸುತ್ತದೆ. ತಂಡಗಳ ನಡುವಿನ ತಾಂತ್ರಿಕ ಜಾಲ ಒಂದು. ಬಿಕ್ಕಟ್ಟು ದೊಡ್ಡದಾದಾಗ ದೇಶಗಳ ಅಧಿಕಾರಿಗಳು ಕೂಡುವ ಸೈಕ್ಲೋನ್ ಎಂಬ ಜಾಲ ಇನ್ನೊಂದು.

ಎಲ್ಲ ದೇಶಗಳೂ ಇದನ್ನು ಜಾರಿ ಮಾಡಿವೆಯೇ?

ಗಡುವು 2024ರ ಅಕ್ಟೋಬರ್ 17 ಆಗಿತ್ತು. ನಿರ್ದೇಶನವೆಂದರೆ ಪ್ರತಿ ದೇಶವೂ ತನ್ನ ಸಂಸತ್ತಿನಲ್ಲಿ ಕಾನೂನು ಮಾಡಿಕೊಳ್ಳಬೇಕು. ನವೆಂಬರ್ ಕೊನೆಗೆ 23 ದೇಶಗಳಿಗೆ ಆಯೋಗ ನೋಟಿಸು ಕೊಟ್ಟಿತು. 2025ರ ಮೇ ತಿಂಗಳಲ್ಲಿ 19 ದೇಶಗಳಿಗೆ ಎರಡನೇ ಎಚ್ಚರಿಕೆ ಹೋಯಿತು. ತಡಮಾಡಿದವರ ಸಾಲಿನಲ್ಲಿ ಜರ್ಮನಿ, ಫ್ರಾನ್ಸ್ ಕೂಡ ಇದ್ದವು.

ವಿದ್ಯುತ್ತಿಗೆಂದೇ ಇರುವ 'ನೆಟ್‌ವರ್ಕ್ ಕೋಡ್' ಎಂದರೆ ಯಾವುದು?

2024ರ ಜೂನ್‌ನಲ್ಲಿ ಜಾರಿಗೆ ಬಂದ, ಗಡಿದಾಟಿ ಹರಿಯುವ ವಿದ್ಯುತ್ತಿನ ಸೈಬರ್ ಭದ್ರತೆಗೆ ಸಂಬಂಧಿಸಿದ ನಿಯಮಾವಳಿ ಇದು. ನಿರ್ದೇಶನವಲ್ಲದ್ದರಿಂದ ಸಂಸತ್ತುಗಳಿಗಾಗಿ ಕಾಯುವ ಅಗತ್ಯವಿಲ್ಲ, ಎಲ್ಲ ದೇಶಗಳಿಗೂ ನೇರವಾಗಿ ಅನ್ವಯಿಸುತ್ತದೆ. ಒಂದು ಸಂಸ್ಥೆ ಕುಸಿದರೆ ಗಡಿಯಾಚೆ ಎಷ್ಟು ಮೆಗಾವಾಟ್ ಏರುಪೇರಾದೀತು ಎಂಬುದೇ ಇದರ ಅಳತೆಗೋಲು. ಅದರ ಮೇಲೆ ಸಂಸ್ಥೆಗಳನ್ನು 'ಹೆಚ್ಚು ಪರಿಣಾಮದ' ಮತ್ತು 'ನಿರ್ಣಾಯಕ ಪರಿಣಾಮದ' ಎಂದು ವಿಂಗಡಿಸಿ, ಎರಡನೆಯವಕ್ಕೆ ಹೆಚ್ಚು ಬಿಗಿ ನಿಯಮ ಹಾಕಲಾಗುತ್ತದೆ. ಒಕ್ಕೂಟ, ಪ್ರಾದೇಶಿಕ ವಲಯ, ದೇಶ, ಸಂಸ್ಥೆ ಹೀಗೆ ನಾಲ್ಕು ಮಟ್ಟಗಳಲ್ಲಿ ಅಪಾಯದ ಅಂದಾಜು ನಡೆಯುತ್ತದೆ. ಚಕ್ರ ಮೂರು ವರ್ಷಕ್ಕೊಮ್ಮೆ ತಿರುಗುತ್ತದೆ. ವರದಿ ಮಾಡಬೇಕಾದ ದಾಳಿಯೆಂದು ಗೊತ್ತಾದ ಮೇಲೆ ನಾಲ್ಕು ಗಂಟೆಯೊಳಗೆ ಮಾಹಿತಿ ಹಂಚಬೇಕು, ಏಕೆಂದರೆ ಜಾಲಕ್ಕೆ 24 ಗಂಟೆ ಎಂಬುದು ಬಹಳ ದೀರ್ಘ.

ಕೋಡ್‌ನ ವಿಧಾನಗಳನ್ನು ರೂಪಿಸುವವರು ಪ್ರಸರಣ ಕಂಪನಿಗಳ ಸಂಘಟನೆಯಾದ ಎಂಟ್ಸೋ-ಇ ಮತ್ತು ವಿತರಣಾ ಕಂಪನಿಗಳ ಸಂಘಟನೆ. ಮೇಲುಸ್ತುವಾರಿಯಲ್ಲಿ ಲ್ಯುಬ್ಲಿಯಾನಾದ ನಿಯಂತ್ರಣ ಸಂಸ್ಥೆ ಏಸರ್ ಇದೆ. ಎಂಟ್ಸೋ-ಇ ಕಚೇರಿ ಜಾಲಕ್ಕೇ 2020ರಲ್ಲಿ ಯಾರೋ ನುಗ್ಗಿದ್ದರು. ಅದು ಯಾವ ಚಾಲನಾ ಜಾಲಕ್ಕೂ ಜೋಡಿಕೊಂಡಿಲ್ಲದ್ದರಿಂದ ಕಚೇರಿಯ ಮಟ್ಟಕ್ಕೇ ನಿಂತಿತು.

ದಾಳಿಗೆ ತುತ್ತಾದ ದೇಶಕ್ಕೆ ಬೇರೆಯವರು ತಂಡ ಕಳಿಸುತ್ತಾರೆಯೇ, ಬರೀ ಸಹಾನುಭೂತಿಯೇ?

ಎರಡು ದಾರಿಗಳಿವೆ. ಲಿಥುವೇನಿಯಾ ಮುಂದಾಳತ್ವದಲ್ಲಿ ಕೆಲವು ದೇಶಗಳು ಸೇರಿ ಕಟ್ಟಿದ ಕ್ಷಿಪ್ರ ಸ್ಪಂದನ ತಂಡ ಒಂದು. ಅದನ್ನು 2022ರ ಫೆಬ್ರುವರಿಯಲ್ಲಿ ಉಕ್ರೇನಿಗಾಗಿ ಸಜ್ಜುಗೊಳಿಸಲಾಯಿತು. ಇನ್ನೊಂದು 2025ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಸೈಬರ್ ಐಕಮತ್ಯ ಕಾಯ್ದೆಯ 'ಸೈಬರ್ ಮೀಸಲು ಪಡೆ'. ಇಲ್ಲಿ ಪಡೆ ಎಂದರೆ ಸೈನಿಕರಲ್ಲ, ಮುಂಗಡವಾಗಿ ಒಪ್ಪಂದ ಮಾಡಿಕೊಂಡ ಖಾಸಗಿ ಕಂಪನಿಗಳ ಪರಿಣತರು. ನಿರ್ವಹಣೆ ಎನಿಸಾದ್ದು, ಮೂರು ವರ್ಷಗಳಿಗೆ 3.6 ಕೋಟಿ ಯೂರೊ. ಇಡೀ ಖಂಡಕ್ಕೆ ಅದು ಸಣ್ಣ ಮೊತ್ತವೇ.

## ಸ್ವಲ್ಪ ಆಳಕ್ಕೆ ಹೋದರೆ

ಇಷ್ಟೆಲ್ಲ ಜಾಲ, ಕೂಟ ಇದ್ದರೂ ದೇಶಗಳು ಪರಸ್ಪರ ಮಾಹಿತಿ ಮುಚ್ಚಿಡುತ್ತವೆ ಎನ್ನುತ್ತಾರಲ್ಲ, ನಿಜವೇ?

ನಿಜ, ಮತ್ತು ಅದಕ್ಕೆ ಒಪ್ಪಂದದಲ್ಲೇ ಎಡೆಯಿದೆ. ಐರೋಪ್ಯ ಒಕ್ಕೂಟದ ಮೂಲ ಒಪ್ಪಂದದ ನಾಲ್ಕನೇ ವಿಧಿಯ ಪ್ರಕಾರ ರಾಷ್ಟ್ರೀಯ ಭದ್ರತೆ ಪ್ರತಿ ಸದಸ್ಯ ದೇಶದ ಸ್ವಂತ ಹೊಣೆ. ದಾಳಿಕೋರರ ಬಗ್ಗೆ ಅತ್ಯಂತ ಬೆಲೆಬಾಳುವ ಮಾಹಿತಿ ಇರುವುದು ಗೂಢಚರ ಸಂಸ್ಥೆಗಳ ಬಳಿ. ಮೂಲ ಬಯಲಾದೀತೆಂಬ ಭಯದಿಂದ ಅವು 27 ದೇಶಗಳ ಮೇಜಿನ ಮೇಲೆ ಅದನ್ನು ಇಡುವುದಿಲ್ಲ, ನಂಬಿಕೆಯಿರುವ ಎರಡು ಮೂರು ದೇಶಗಳಿಗೆ ಮಾತ್ರ ಕೊಡುತ್ತವೆ. ಕಂಪನಿಗಳಿಗೆ ಇನ್ನೊಂದು ಹೆದರಿಕೆ: ಇಂದು ಸಹಾಯಕ್ಕೆಂದು ಹೇಳಿದ್ದು ನಾಳೆ ದಂಡದ ನೋಟಿಸಿಗೆ ಆಧಾರವಾಗಬಹುದು. ವರದಿ ಮಾಡಿದ ಮಾತ್ರಕ್ಕೆ ಹೊಣೆ ಹೆಚ್ಚದು ಎಂದು ಎನ್‌ಐಎಸ್-2 ಹೇಳುತ್ತದೆಯಾದರೂ ಕಂಪನಿಯ ವಕೀಲರು ಅಷ್ಟಕ್ಕೆ ಸಮಾಧಾನಗೊಳ್ಳುವುದಿಲ್ಲ.

ಹಾಗಾಗಿ ನಿಜವಾದ ಹಂಚಿಕೆ ನಡೆಯುವುದು ಮುಖಪರಿಚಯವಿರುವ ಸಣ್ಣ ಗುಂಪುಗಳಲ್ಲಿ. ಇಂಧನ ವಲಯಕ್ಕೆ ಯುರೋಪಿಯನ್ ಎನರ್ಜಿ ಐಸ್ಯಾಕ್ ಎಂಬ ಕೂಟ 2015ರಿಂದ ಇದೆ. ಯಾವ ಮಾಹಿತಿಯನ್ನು ಯಾರ ತನಕ ದಾಟಿಸಬಹುದು ಎಂಬುದನ್ನು ಕೆಂಪು, ಹಳದಿ, ಹಸಿರು ಗುರುತುಗಳಿಂದ ಸೂಚಿಸುವ ಪದ್ಧತಿ ಇಂಥ ಎಲ್ಲ ಕಡೆ ಬಳಕೆಯಲ್ಲಿದೆ. ಕೆಂಪು ಗುರುತಿನದು ಆ ಸಭೆಯಲ್ಲಿ ಇದ್ದವರಿಗಷ್ಟೇ.

ದಾಳಿ ಮಾಡಿದ್ದು ಯಾರೆಂದು ಗೊತ್ತಾದ ಮೇಲೆ ಯುರೋಪ್ ಮಾಡುವುದೇನು?

ನಿರ್ಬಂಧ. 2019ರಲ್ಲಿ ಸೈಬರ್ ದಾಳಿಕೋರರ ವಿರುದ್ಧ ಪ್ರತ್ಯೇಕ ನಿರ್ಬಂಧ ವ್ಯವಸ್ಥೆ ರೂಪುಗೊಂಡು, 2020ರ ಜುಲೈ 30ರಂದು ಆರು ವ್ಯಕ್ತಿಗಳು ಮತ್ತು ಮೂರು ಸಂಸ್ಥೆಗಳ ಮೇಲೆ ಮೊದಲ ಬಾರಿ ಬಳಕೆಯಾಯಿತು. ರಷ್ಯಾದ ಸೇನಾ ಗೂಢಚರ ವಿಭಾಗದ ಒಂದು ಘಟಕ ಆ ಪಟ್ಟಿಯಲ್ಲಿದೆ. ಕೊಟ್ಟ ಕಾರಣಗಳಲ್ಲಿ 2017ರ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶದ ದಾಳಿಯ ಜೊತೆಗೆ ಉಕ್ರೇನ್ ವಿದ್ಯುತ್ ಜಾಲದ ಮೇಲಿನ ದಾಳಿಗಳೂ ಸೇರಿವೆ. ಆಸ್ತಿ ಮುಟ್ಟುಗೋಲು, ಪ್ರಯಾಣ ನಿಷೇಧ ಇದರ ಫಲ. ಮಾಸ್ಕೋದಲ್ಲಿ ಕುಳಿತ ಸೇನಾ ಅಧಿಕಾರಿಗೆ ಪ್ಯಾರಿಸ್ಸಿಗೆ ಹೋಗಲಾಗದು ಎಂಬುದು ಎಷ್ಟು ದೊಡ್ಡ ಶಿಕ್ಷೆ ಎಂದು ಯಾರಾದರೂ ಕೇಳಬಹುದು. ಇದಕ್ಕೂ ಎಲ್ಲ ಸದಸ್ಯ ದೇಶಗಳ ಒಮ್ಮತ ಬೇಕು. ಕೆಎ-ಸ್ಯಾಟ್ ಉಪಗ್ರಹ ಜಾಲದ ಮೇಲಿನ ದಾಳಿಗೆ ರಷ್ಯಾವೇ ಕಾರಣವೆಂದು ಒಕ್ಕೂಟ ಬಹಿರಂಗವಾಗಿ ಹೇಳಿದ್ದು 2022ರ ಮೇ 10ರಂದು, ಅಂದರೆ ಎರಡೂವರೆ ತಿಂಗಳ ನಂತರ.

ಅಣಕು ದಾಳಿಗಳಿಂದ ಉಪಯೋಗವಿದೆಯೇ, ಇಲ್ಲ ಫೋಟೊಗಾಗಿಯೇ?

ಎನಿಸಾ 2010ರಿಂದ 'ಸೈಬರ್ ಯುರೋಪ್' ಅಭ್ಯಾಸ ನಡೆಸುತ್ತಿದೆ. 2024ರ ಜೂನ್‌ನ ಏಳನೇ ಅಭ್ಯಾಸದ ವಿಷಯ ಇಂಧನವೇ ಆಗಿತ್ತು. ಸಾವಿರಕ್ಕೂ ಹೆಚ್ಚು ಪರಿಣತರು ಪಾಲ್ಗೊಂಡರು. ತಂತ್ರಜ್ಞರಿಗಿಂತ ಹೆಚ್ಚು ಕಲಿಯುವವರು ಮಾತನಾಡಬೇಕಾದವರು: ಪತ್ರಿಕೆಗೆ ಯಾರು ಹೇಳಿಕೆ ಕೊಡಬೇಕು, ಪಕ್ಕದ ದೇಶದಲ್ಲಿ ಯಾರ ದೂರವಾಣಿಗೆ ಕರೆ ಮಾಡಬೇಕು, ಜಾಲದಿಂದ ಒಂದು ಭಾಗವನ್ನು ಬೇರ್ಪಡಿಸುವ ಅಧಿಕಾರ ಯಾರಿಗಿದೆ. ಇವುಗಳಿಗೆ ಉತ್ತರ ಕಡತದಲ್ಲಿರುತ್ತದೆ. ಒತ್ತಡದ ನಡುವೆ ಅದನ್ನು ಹುಡುಕಿ ತೆಗೆಯುವ ರೂಢಿ ಅಭ್ಯಾಸದಿಂದ ಮಾತ್ರ ಬರುತ್ತದೆ.

ಸಣ್ಣ ಸೌರ, ಗಾಳಿ ಘಟಕಗಳ ಮೇಲೆ ನಿಜವಾಗಿ ಯಾರಾದರೂ ದಾಳಿ ಮಾಡಿದ್ದಾರೆಯೇ?

2025ರ ಡಿಸೆಂಬರ್ 29ರಂದು ಪೋಲೆಂಡಿನಲ್ಲಿ ಮೂವತ್ತಕ್ಕೂ ಹೆಚ್ಚು ಗಾಳಿ ಮತ್ತು ಸೌರ ಘಟಕಗಳ ಮೇಲೂ, ಸುಮಾರು ಐದು ಲಕ್ಷ ಜನರಿಗೆ ಶಾಖ ಒದಗಿಸುವ ಸ್ಥಾವರವೊಂದರ ಮೇಲೂ ಒಂದೇ ದಿನ ದಾಳಿ ನಡೆಯಿತು. ಉದ್ದೇಶ ಹಣವಲ್ಲ, ಧ್ವಂಸ. ಘಟಕಗಳಿಗೂ ವಿತರಣಾ ಕಂಪನಿಗೂ ನಡುವಿನ ಸಂಪರ್ಕ ಕಡಿಯಿತು, ಉಪಕರಣಗಳು ಹಾಳಾದವು. ವಿದ್ಯುತ್ ಉತ್ಪಾದನೆಯಾಗಲಿ ಶಾಖದ ಪೂರೈಕೆಯಾಗಲಿ ನಿಲ್ಲಲಿಲ್ಲ. ಹತ್ತು ವರ್ಷದ ಹಿಂದೆ ಉಕ್ರೇನಿನಲ್ಲಿ ಇಲ್ಲದಿದ್ದ ಎರಡನೇ ಹಂತದ ದೃಢೀಕರಣ ಇಲ್ಲಿಯೂ ಇರಲಿಲ್ಲ ಎಂಬುದನ್ನು ಓದಿದಾಗ ಬೇಸರವಾಗುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಇಂಥ ಘಟಕಗಳಲ್ಲಿ ಅನೇಕವು ಕಟ್ಟುನಿಟ್ಟಿನ ನಿಯಮಗಳ ಮಿತಿಗೆ ಒಳಪಡದಷ್ಟು ಸಣ್ಣವು. ಒಟ್ಟುಗೂಡಿಸಿದರೆ ದೊಡ್ಡ ಸ್ಥಾವರಕ್ಕೆ ಸಮ.

ನಾನು ಬೆಂಗಳೂರಿನಲ್ಲಿ ಕುಳಿತು ಯುರೋಪಿನ ಕಂಪನಿಗೆ ತಂತ್ರಾಂಶ ಬರೆಯುತ್ತೇನೆ. ಇದೆಲ್ಲ ನನಗೆ ತಟ್ಟುತ್ತದೆಯೇ?

ತಟ್ಟುತ್ತದೆ, ಮುಖ್ಯವಾಗಿ ಎರಡು ಕಡೆಯಿಂದ. ಸೀಮೆನ್ಸ್, ಎಬಿಬಿ, ಷ್ನೈಡರ್‌ನಂಥ ಯುರೋಪಿನ ವಿದ್ಯುತ್ ಉಪಕರಣ ತಯಾರಕರಿಗೆ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ. ಎನ್‌ಐಎಸ್-2 ಪೂರೈಕೆದಾರರ ಭದ್ರತೆಯನ್ನೂ ಗ್ರಾಹಕ ಕಂಪನಿಯ ಹೊಣೆಯಾಗಿಸಿರುವುದರಿಂದ, ಅಲ್ಲಿನ ವಿದ್ಯುತ್ ಕಂಪನಿ ತನ್ನ ಗುತ್ತಿಗೆ ಪತ್ರದಲ್ಲಿ ಷರತ್ತು ಹಾಕುತ್ತದೆ, ಆ ಷರತ್ತು ಇಲ್ಲಿನ ತಂಡದ ಮೇಜಿಗೆ ಬರುತ್ತದೆ. ದೂರದಿಂದ ಪ್ರವೇಶ ಯಾರಿಗೆ, ಘಟನೆಯಾದರೆ ಎಷ್ಟು ಹೊತ್ತಿಗೆ ತಿಳಿಸಬೇಕು ಎಂಬಂಥ ವಿಷಯಗಳಲ್ಲಿ ಇದು ಹೆಚ್ಚು ಕಾಣುತ್ತದೆ. ಭಾರತದ ಸೈಬರ್ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರ ಆದೇಶದಲ್ಲಿ ವರದಿಗೆ ಆರೇ ಗಂಟೆ ಕೊಟ್ಟಿದೆ. ಹೀಗಾಗಿ ಎರಡೂ ಕಡೆ ವ್ಯವಹರಿಸುವ ಕಂಪನಿ ಎರಡು ಗಡಿಯಾರಗಳನ್ನು ನೋಡಿಕೊಳ್ಳಬೇಕು.

ಎರಡನೆಯದು ಸೈಬರ್ ರೆಸಿಲಿಯನ್ಸ್ ಕಾಯ್ದೆ. ಯುರೋಪಿನ ಮಾರುಕಟ್ಟೆಗೆ ಹೋಗುವ, ತಂತ್ರಾಂಶವಿರುವ ಬಹುತೇಕ ಎಲ್ಲ ಉತ್ಪನ್ನಗಳಿಗೂ ಇದು ಅನ್ವಯ. ತಯಾರಾದದ್ದು ಎಲ್ಲಿ ಎಂಬುದು ಗಣನೆಗೆ ಬಾರದು. ತಂತ್ರಾಂಶದಲ್ಲಿ ಬಳಸಿದ ಘಟಕಗಳ ಪಟ್ಟಿ ಇಟ್ಟುಕೊಳ್ಳಬೇಕು, ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತಾ ಪರಿಷ್ಕರಣೆ ಕೊಡಬೇಕು, ಉತ್ಪನ್ನ ಐರೋಪ್ಯ ನಿಯಮಗಳಿಗೆ ಹೊಂದುತ್ತದೆಂದು ಸೂಚಿಸುವ ಸಿಇ ಗುರುತು ಹಾಕುವ ಮುನ್ನ ಇದನ್ನೆಲ್ಲ ದಾಖಲಿಸಬೇಕು. ದುರ್ಬಳಕೆಯಾಗುತ್ತಿರುವ ದೋಷಗಳನ್ನು 24 ಗಂಟೆಯೊಳಗೆ ವರದಿ ಮಾಡುವ ಕರ್ತವ್ಯ 2026ರ ಸೆಪ್ಟೆಂಬರ್ 11ರಿಂದ, ಉಳಿದ ಕರ್ತವ್ಯಗಳು 2027ರ ಡಿಸೆಂಬರ್ 11ರಿಂದ ಜಾರಿಗೆ ಬರುತ್ತವೆ. ವರದಿಯ ಕರ್ತವ್ಯ ಈಗಾಗಲೇ ಮಾರುಕಟ್ಟೆಯಲ್ಲಿರುವ ಹಳೆಯ ಉತ್ಪನ್ನಗಳಿಗೂ ಅನ್ವಯಿಸುವುದರಿಂದ, ಹತ್ತು ವರ್ಷದ ಹಿಂದೆ ಬರೆದ ತಂತ್ರಾಂಶದಲ್ಲಿ ಏನೇನಿದೆ ಎಂದು ಹೇಳಬಲ್ಲವರು ತಂಡದಲ್ಲಿ ಇನ್ನೂ ಇದ್ದಾರೆಯೇ ಎಂದು ಈಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.